ಹಾಜರಿ ಪುಸ್ತಕಕ್ಕೆ ತಿಳಿಯದ್ದು: ವಿದ್ಯಾರ್ಥಿಗಳ ತೊಡಗುವಿಕೆಯನ್ನು ಸಮೀಕ್ಷೆಯಲ್ಲಿ ಅಳೆಯುವ ಬಗೆ

60 ಜನರ ತರಗತಿಯಲ್ಲಿ 60 ಹಾಜರಿಯೂ ಬಿದ್ದರೆ, ಅಷ್ಟೂ ಜನ ಅಲ್ಲಿ ಕೂತಿದ್ದರು ಎಂದಷ್ಟೇ ಗೊತ್ತಾಗುತ್ತದೆ. ಅವರಲ್ಲಿ ಯಾರು ಆ ಪಾಠದ ಬಗ್ಗೆ ಹೊರಗೆ ಬಂದ ಮೇಲೂ ಮಾತಾಡಿಕೊಂಡರು, ಯಾರು ಬರೆದ ಅಸೈನ್‌ಮೆಂಟನ್ನು ಅಳಿಸಿ ಮತ್ತೆ ಬರೆದರು, ಯಾರು ಒಂದು ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ಎದ್ದು ಹೋದರು ಎಂಬುದು ಹಾಜರಿ ಪುಸ್ತಕಕ್ಕೆ ತಿಳಿಯದು. ಅಂಕಪಟ್ಟಿಯೂ ಫಸಲನ್ನು ತೋರಿಸೀತೇ ಹೊರತು ಬೇಸಾಯವನ್ನಲ್ಲ. ಈ ನಡುವಿನ ಬೇಸಾಯವನ್ನೇ ಎಂಗೇಜ್‌ಮೆಂಟ್ ಎನ್ನುತ್ತಾರೆ. ಕನ್ನಡದಲ್ಲಿ ತೊಡಗುವಿಕೆ ಎನ್ನಬಹುದು. ಅದನ್ನು ತಿಳಿಯಲು ವಿಶ್ವವಿದ್ಯಾಲಯಗಳು ಹೆಚ್ಚಾಗಿ ನೆಚ್ಚಿಕೊಂಡಿರುವುದು ಸಮೀಕ್ಷೆಯನ್ನು. ಅಂದರೆ ವಿದ್ಯಾರ್ಥಿಯನ್ನೇ ಕೇಳುವುದು. ಕೇಳುವುದು ಸುಲಭ. ಆದರೆ ಬರುವ ಉತ್ತರ ವಿದ್ಯಾರ್ಥಿಯ ನೆನಪು, ಅದೂ ಅವಸರದಲ್ಲಿ ಮಾಡಿಕೊಂಡ ನೆನಪು. ಪ್ರಶ್ನೆ ಬರೆಯುವಲ್ಲಿಂದ ವರದಿ ಓದುವವರೆಗಿನ ಕೆಲಸವೆಲ್ಲ ಆ ನೆನಪು ಕೆಡದಂತೆ ನೋಡಿಕೊಳ್ಳುವ ಕೆಲಸವೇ.

ತೊಡಗುವಿಕೆ ಬೇರೆ, ತೃಪ್ತಿ ಬೇರೆ

ಈ ಚಿಂತನೆಗೆ ನಾಲ್ಕೈದು ದಶಕಗಳ ಹಿನ್ನೆಲೆ ಇದೆ. ಅಮೆರಿಕದ ರಾಬರ್ಟ್ ಪೇಸ್ ಅವರು ವಿದ್ಯಾರ್ಥಿಯ 'ಪ್ರಯತ್ನದ ಗುಣಮಟ್ಟ'ವನ್ನು ಅಳೆಯಲು 1979ರಲ್ಲಿ ಒಂದು ಪ್ರಶ್ನಾವಳಿ ರೂಪಿಸಿದರು. 1984ರಲ್ಲಿ ಅಲೆಕ್ಸಾಂಡರ್ ಆಸ್ಟಿನ್, ವಿದ್ಯಾರ್ಥಿ ಕಲಿಕೆಗೆ ಹಾಕುವ ದೈಹಿಕ ಮತ್ತು ಮಾನಸಿಕ ಶಕ್ತಿಯೇ ಫಲಿತಾಂಶವನ್ನು ನಿರ್ಧರಿಸುತ್ತದೆ ಎಂಬ ಸಿದ್ಧಾಂತ ಮುಂದಿಟ್ಟರು. ಈ ಎಳೆಗಳನ್ನು ಕೂಡಿಸಿ ಜಾರ್ಜ್ ಕ್ಯೂ ಅವರ ನೇತೃತ್ವದಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದಿಂದ 2000ದಲ್ಲಿ ಶುರುವಾದದ್ದು ನ್ಯಾಷನಲ್ ಸರ್ವೇ ಆಫ್ ಸ್ಟೂಡೆಂಟ್ ಎಂಗೇಜ್‌ಮೆಂಟ್. ಬಲ್ಲವರ ಬಾಯಲ್ಲಿ ಅದು 'ನೆಸ್ಸಿ'. ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ, ಚೀನಾ, ಬ್ರಿಟನ್‌ಗಳಲ್ಲಿ ನಂತರ ಬಂದ ಹಲವು ಸಮೀಕ್ಷೆಗಳು ಇದರ ಪ್ರಶ್ನೆಗಳನ್ನೇ ತಮಗೆ ಬೇಕಾದಂತೆ ತಿದ್ದಿ ಬಳಸಿಕೊಂಡಿವೆ.

ನೆಸ್ಸಿ ಕೊಡುವ ವ್ಯಾಖ್ಯೆಗೆ ಎರಡು ಕಾಲು. ಒಂದು, ವಿದ್ಯಾರ್ಥಿ ಓದಿಗೆ ಮತ್ತು ಓದಿಗೆ ನೆರವಾಗುವ ಚಟುವಟಿಕೆಗಳಿಗೆ ಹಾಕುವ ಸಮಯ ಮತ್ತು ಶ್ರಮ. ಇನ್ನೊಂದು, ವಿದ್ಯಾರ್ಥಿ ಹಾಗೆ ಶ್ರಮ ಹಾಕುವಂತೆ ಮಾಡಲು ಸಂಸ್ಥೆ ತನ್ನ ಸಂಪನ್ಮೂಲ, ಪಠ್ಯಕ್ರಮ, ಸೌಲಭ್ಯಗಳನ್ನು ಹೇಗೆ ಬಳಸುತ್ತದೆ ಎಂಬುದು. ಎರಡನೆಯ ಕಾಲನ್ನು ಮರೆತಾಗಲೇ ಸಮೀಕ್ಷೆಯ ವರದಿ 'ಈಗಿನ ಹುಡುಗರು ಓದುವುದಿಲ್ಲ' ಎಂಬ ಹಳೆಯ ರಾಗವಾಗುತ್ತದೆ.

ತೃಪ್ತಿಯ ಸಮೀಕ್ಷೆಯೇ ಬೇರೆ ಜಾತಿಯದು. ಬ್ರಿಟನ್ನಿನಲ್ಲಿ 2005ರಿಂದ ನಡೆಯುತ್ತಿರುವ ನ್ಯಾಷನಲ್ ಸ್ಟೂಡೆಂಟ್ ಸರ್ವೇ ಕೊನೆಯ ವರ್ಷದ ವಿದ್ಯಾರ್ಥಿಗಳ ಅಭಿಪ್ರಾಯ ಕೇಳುತ್ತದೆ. ಅದರಲ್ಲೂ 'ಒಟ್ಟಾರೆ ತೃಪ್ತಿ'ಯ ಪ್ರಶ್ನೆಯನ್ನು 2023ರಿಂದ ಇಂಗ್ಲೆಂಡಿನಲ್ಲಿ ಕೈಬಿಟ್ಟಿದ್ದಾರೆ. 'ಈ ಕೋರ್ಸ್ ನಿಮಗೆ ಹಿಡಿಸಿತೇ?' ಎಂಬುದು ತೃಪ್ತಿಯ ಪ್ರಶ್ನೆ. 'ಈ ವರ್ಷ ಒಂದು ಅಸೈನ್‌ಮೆಂಟನ್ನು ಒಪ್ಪಿಸುವ ಮೊದಲು ಎಷ್ಟು ಸಲ ಕರಡು ತಿದ್ದಿದಿರಿ?' ಎಂಬುದು ತೊಡಗುವಿಕೆಯ ಪ್ರಶ್ನೆ. ಬೆವರಿಳಿಸುವ ಕೋರ್ಸಿನಲ್ಲಿ ತೊಡಗುವಿಕೆ ಮೇಲೇರಿ ತೃಪ್ತಿ ಕೆಳಗಿಳಿಯಬಹುದು. ಹಗುರ ಕೋರ್ಸಿನಲ್ಲಿ ಇದರ ತಿರುವುಮುರುವು. ಎರಡನ್ನೂ ಕೂಡಿಸಿ ಒಂದೇ ಸರಾಸರಿ ತೆಗೆದರೆ ಒಂದು ಇನ್ನೊಂದನ್ನು ನುಂಗುತ್ತದೆ. ಹಾಗೆ ಬಂದ ಅಂಕಿ ಯಾವುದನ್ನೂ ಹೇಳುವುದಿಲ್ಲ.

ತೊಡಗುವಿಕೆಯ ಒಳಗೂ ಪದರಗಳಿವೆ. ಸಂಶೋಧಕರು ಸಾಮಾನ್ಯವಾಗಿ ಮೂರನ್ನು ಗುರುತಿಸುತ್ತಾರೆ: ಮಾಡುವುದು, ಅನಿಸುವುದು, ಯೋಚಿಸುವುದು. ಇವುಗಳಲ್ಲಿ ಸಮೀಕ್ಷೆಯ ಕೈಗೆ ಚೆನ್ನಾಗಿ ಸಿಗುವುದು ಮೊದಲನೆಯದು. ನೆಸ್ಸಿ 2013ರಲ್ಲಿ ತನ್ನ ಪ್ರಶ್ನಾವಳಿಯನ್ನು ಪರಿಷ್ಕರಿಸಿದಾಗ 10 ಸೂಚಕಗಳನ್ನು 4 ಗುಂಪುಗಳಾಗಿ ಜೋಡಿಸಿತು: ಓದಿನ ಸವಾಲು, ಸಹಪಾಠಿಗಳ ಜೊತೆ ಕಲಿಕೆ, ಅಧ್ಯಾಪಕರೊಂದಿಗಿನ ಅನುಭವ, ಕ್ಯಾಂಪಸ್ಸಿನ ವಾತಾವರಣ. ಇಂಟರ್ನ್‌ಶಿಪ್, ಅಧ್ಯಾಪಕರೊಂದಿಗೆ ಸಂಶೋಧನೆ, ಸಮುದಾಯ ಸೇವೆಯೊಡನೆ ಬೆಸೆದ ಕೋರ್ಸು ಮೊದಲಾದ 6 ಚಟುವಟಿಕೆಗಳ ಲೆಕ್ಕ ಪ್ರತ್ಯೇಕ. ಹೊಸದಾಗಿ ಸಮೀಕ್ಷೆ ಮಾಡುವವರು ಹತ್ತನ್ನೂ ಅಳೆಯಬೇಕೆಂದೇನಿಲ್ಲ. ಉತ್ತರ ಬಂದ ಮೇಲೆ ಏನನ್ನಾದರೂ ಬದಲಿಸಲು ತಯಾರಿರುವ ಮೂರೋ ನಾಲ್ಕೋ ಸೂಚಕಗಳನ್ನು ಆರಿಸಿಕೊಂಡರೆ ಸಾಕು.

ಪ್ರಶ್ನೆ ಎಲ್ಲಿ ಜಾರುತ್ತದೆ

ಒಂದು ಪ್ರಶ್ನೆಗೆ ಉತ್ತರ ಕೊಡುವಾಗ ತಲೆಯೊಳಗೆ ನಾಲ್ಕು ಕೆಲಸ ನಡೆಯಬೇಕು: ಪ್ರಶ್ನೆ ಅರ್ಥವಾಗಬೇಕು, ಸಂಬಂಧಪಟ್ಟದ್ದು ನೆನಪಾಗಬೇಕು, ನೆನಪಾದದ್ದನ್ನು ಲೆಕ್ಕ ಹಾಕಬೇಕು, ಆ ಲೆಕ್ಕವನ್ನು ಮುಂದಿರುವ ಆಯ್ಕೆಗಳಲ್ಲೊಂದಕ್ಕೆ ಹೊಂದಿಸಬೇಕು. ನಾಲ್ಕರಲ್ಲಿ ಯಾವುದು ಬೇಕಾದರೂ ಮುಗ್ಗರಿಸೀತು.

ಮೊದಲು ಅರ್ಥ. 'ನೀವು ವಿಮರ್ಶಾತ್ಮಕ ಚಿಂತನೆಯಲ್ಲಿ ಎಷ್ಟು ತೊಡಗುತ್ತೀರಿ?' ಎಂದು ಕೇಳಿದರೆ ಪ್ರಶ್ನೆ ಬರೆದವರ ಮನಸ್ಸಿನಲ್ಲಿರುವುದು ಒಂದು, ಓದಿದವರ ಮನಸ್ಸಿನಲ್ಲಿ ಮೂಡುವುದು ಇನ್ನೊಂದು. ಅದನ್ನೇ 'ಓದಿದ ವಾದವೊಂದರ ಹಿಂದಿನ ಆಧಾರ ಸರಿಯಿದೆಯೇ ಎಂದು ಪರಿಶೀಲಿಸಿದ್ದು' ಎಂದು ಕ್ರಿಯೆಯಾಗಿ ಒಡೆದರೆ ಹಿಡಿತ ಸಿಗುತ್ತದೆ. ಎರಡು ಪ್ರಶ್ನೆಗಳನ್ನು ಒಂದರಲ್ಲೇ ತುರುಕುವುದು ಇನ್ನೊಂದು ಹಳೆಯ ತಪ್ಪು. 'ಅಧ್ಯಾಪಕರು ಬೇಗನೆ, ವಿವರವಾಗಿ ತಿದ್ದಿ ಕೊಡುತ್ತಾರೆಯೇ?' ಎಂದರೆ, ವಿವರವಾಗಿ ತಿದ್ದಿ ಎರಡು ತಿಂಗಳ ಮೇಲೆ ಕೊಡುವ ಅಧ್ಯಾಪಕರ ವಿದ್ಯಾರ್ಥಿ ಏನು ಗುರುತು ಹಾಕಬೇಕು? ನೆಸ್ಸಿಯಲ್ಲೂ ಇಂಥ ಜೋಡಿ ಪ್ರಶ್ನೆ ಇದೆ. ಹೆಸರಾಂತ ಪ್ರಶ್ನಾವಳಿ ಎಂದ ಮಾತ್ರಕ್ಕೆ ಕಣ್ಣುಮುಚ್ಚಿ ನಕಲು ಮಾಡಬಾರದು.

ನೆನಪಿನ ತೊಡಕು ಇದಕ್ಕಿಂತ ಆಳವಾದದ್ದು. ವರ್ಷವೊಂದರಲ್ಲಿ ಅಧ್ಯಾಪಕರೊಡನೆ ಎಷ್ಟು ಸಲ ಮಾತಾಡಿದೆ ಎಂದು ಯಾರೂ ಎಣಿಸಿ ಇಟ್ಟುಕೊಂಡಿರುವುದಿಲ್ಲ. ಹಾಗಾಗಿ ವಿದ್ಯಾರ್ಥಿ ಎಣಿಸುವುದಿಲ್ಲ, ಊಹಿಸುತ್ತಾನೆ: 'ನಾನು ಅಷ್ಟೊಂದು ಮಾತಾಡುವವನಲ್ಲ, ಹಾಗಾದರೆ ಅಪರೂಪ.' ಆ ಉತ್ತರ ಘಟನೆಯನ್ನಲ್ಲ, ವಿದ್ಯಾರ್ಥಿಗೆ ತನ್ನ ಬಗ್ಗೆ ಇರುವ ಚಿತ್ರವನ್ನು ಹೇಳುತ್ತದೆ. ಸ್ಟೀಫನ್ ಪೋರ್ಟರ್ 2011ರಲ್ಲಿ ಇಂಥ ಸಮೀಕ್ಷೆಗಳ ಸಾಚಾತನವನ್ನೇ ಪ್ರಶ್ನಿಸಿ ಬರೆದ ಲೇಖನದ ಮುಖ್ಯ ಆಕ್ಷೇಪಗಳಲ್ಲಿ ಇದೂ ಒಂದು. ಆಕ್ಷೇಪ ಗಟ್ಟಿಯಾದದ್ದೇ. ಅದಕ್ಕೆ ಪೂರ್ತಿ ಮದ್ದಿಲ್ಲ, ಆದರೆ ಅವಧಿಯನ್ನು ಚಿಕ್ಕದು ಮಾಡಿದರೆ ನೋವು ಕಡಿಮೆಯಾಗುತ್ತದೆ. 'ಕಳೆದ 7 ದಿನಗಳಲ್ಲಿ ತರಗತಿಯ ಹೊರಗೆ ಓದಿಗೆ ಎಷ್ಟು ಗಂಟೆ ಕೊಟ್ಟಿರಿ?' ಎಂಬುದಕ್ಕೆ ಉತ್ತರಿಸಬಹುದು. ಆದರೆ ಆ 7 ದಿನ ಪರೀಕ್ಷೆಯ ಹಿಂದಿನ ವಾರವಾಗಿದ್ದರೆ ಅಂಕಿ ಉಬ್ಬುತ್ತದೆ, ರಜೆಯ ವಾರವಾಗಿದ್ದರೆ ಬತ್ತುತ್ತದೆ. ದಿನಾಂಕ ಗೊತ್ತುಮಾಡುವ ಮೊದಲು ಶೈಕ್ಷಣಿಕ ಕ್ಯಾಲೆಂಡರ್ ಪಕ್ಕದಲ್ಲಿರಬೇಕು ಎನ್ನುವುದು ಅದಕ್ಕೇ.

ಇನ್ನು ಆಯ್ಕೆಗಳು. ನೆಸ್ಸಿಯ ಬಹುಪಾಲು ಪ್ರಶ್ನೆಗಳಿಗೆ ಇರುವುದು ನಾಲ್ಕು ಆಯ್ಕೆ. ಕನ್ನಡಕ್ಕೆ ತಂದರೆ ಒಮ್ಮೆಯೂ ಇಲ್ಲ, ಕೆಲವೊಮ್ಮೆ, ಆಗಾಗ, ಬಹಳ ಸಲ ಎಂದಾದೀತು. ಪ್ರಯೋಗಾಲಯದಲ್ಲಿ ದಿನಾ ಗುಂಪಿನಲ್ಲೇ ಕೆಲಸ ಮಾಡುವ ರಸಾಯನಶಾಸ್ತ್ರದ ವಿದ್ಯಾರ್ಥಿಗೆ ವಾರಕ್ಕೊಮ್ಮೆ ಎಂದರೆ 'ಕೆಲವೊಮ್ಮೆ'. ಒಂಟಿಯಾಗಿ ಓದುವ ಇತಿಹಾಸದ ವಿದ್ಯಾರ್ಥಿಗೆ ಅದೇ 'ಬಹಳ ಸಲ'. ಭಾಷಾಂತರದಲ್ಲಿ ಮತ್ತೊಂದು ಕುಳಿ ಇದೆ. ಕೊನೆಯ ಆಯ್ಕೆಗೆ 'ಪದೇ ಪದೇ' ಎಂದು ಹಾಕಿದಿರೋ, ಕೆಟ್ಟಿತು. ಆ ಮಾತಿನಲ್ಲಿ ಬೇಸರದ ದನಿ ಇದೆ. 'ಅಧ್ಯಾಪಕರನ್ನು ಪದೇ ಪದೇ ಕೇಳಿದೆ' ಎಂದು ಒಪ್ಪಿಕೊಳ್ಳಲು ಯಾರಿಗೆ ಮನಸ್ಸು ಬಂದೀತು? 'ಆಗಾಗ' ಎಂಬುದೂ ಕೆಲವರಿಗೆ ಹೆಚ್ಚು, ಕೆಲವರಿಗೆ ಅಪರೂಪಕ್ಕೊಮ್ಮೆ. ಎಣಿಸಬಹುದಾದ ಚಟುವಟಿಕೆಗಳಿಗೆ '0, 1–2, 3–5, 6ಕ್ಕಿಂತ ಹೆಚ್ಚು' ಎಂದು ಅಂಕಿಯನ್ನೇ ಕೊಡಲು ಹೋಗುವವರೂ ಒಮ್ಮೆ ನೋಡಿಕೊಳ್ಳಬೇಕು: ಇಲ್ಲಿ ಸರಿಯಾಗಿ 6 ಸಲ ಮಾಡಿದವನಿಗೆ ಜಾಗವೇ ಇಲ್ಲ. '6 ಅಥವಾ ಹೆಚ್ಚು' ಎಂದಿರಬೇಕಿತ್ತು. ಇಂಥ ಬಿರುಕುಗಳು ಅಚ್ಚಾದ ಮೇಲೆಯೇ ಕಣ್ಣಿಗೆ ಬೀಳುತ್ತವೆ.

ಇವನ್ನೆಲ್ಲ ಹಿಡಿಯಲು ಅಗ್ಗದ ಉಪಾಯವೊಂದಿದೆ. ಬೇರೆ ಬೇರೆ ವಿಭಾಗಗಳ 8–10 ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕೂರಿಸಿ, ಪ್ರಶ್ನೆ ಓದಿ ಉತ್ತರಿಸುವಾಗ ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಲು ಕೇಳಿ. 'ಈ ಮಾತಿಗೆ ನೀವು ಏನೆಂದುಕೊಂಡಿರಿ? ಈ ಸಂಖ್ಯೆ ಹೇಗೆ ಬಂತು?' ಒಬ್ಬೊಬ್ಬರಿಗೆ ಮುಕ್ಕಾಲು ಗಂಟೆ ಹಿಡಿದೀತು. ಸಾವಿರಾರು ಉತ್ತರ ಬಂದ ಮೇಲೆ ಯಾವ ಸಂಖ್ಯಾಶಾಸ್ತ್ರವೂ ಸರಿಪಡಿಸಲಾಗದ ದೋಷಗಳು ಇಲ್ಲಿ ಸಿಗುತ್ತವೆ. ಹೆಚ್ಚಿನವರು ಬಿಟ್ಟುಬಿಡುವ ಹಂತವೂ ಇದೇ.

ಪ್ರಶ್ನಾವಳಿಯ ಉದ್ದ, ಅಗಲದ ಬಗ್ಗೆ ಎರಡೇ ಮಾತು: 15 ನಿಮಿಷ ದಾಟಿದರೆ ಕೊನೆಯ ಪುಟಗಳ ಉತ್ತರಗಳನ್ನು ನಂಬಬೇಡಿ. ಮೊಬೈಲಿನಲ್ಲಿ ಅಡ್ಡಡ್ಡ ಹಬ್ಬಿದ ಕೋಷ್ಟಕ ಇಡಬೇಡಿ. ಬಲಗಡೆಯ ಆಯ್ಕೆಗಳು ಪರದೆಯ ಆಚೆ ಉಳಿದುಬಿಡುತ್ತವೆ.

ಯಾರನ್ನು, ಯಾವಾಗ, ಹೇಗೆ ಕೇಳುವುದು

ನೆಸ್ಸಿ ಕೇಳುವುದು ಮೊದಲ ವರ್ಷದವರನ್ನು ಮತ್ತು ಕೊನೆಯ ವರ್ಷದವರನ್ನು. ಮೊದಲ ವರ್ಷದವರಾದರೂ ವರ್ಷದ ದ್ವಿತೀಯಾರ್ಧಕ್ಕೆ ಬಂದಿರಬೇಕು, ಇಲ್ಲದಿದ್ದರೆ ಹೇಳಲು ಅನುಭವವೇ ಇರುವುದಿಲ್ಲ. ಆನ್‌ಲೈನ್ ಸಮೀಕ್ಷೆಯಲ್ಲಿ ಒಬ್ಬರನ್ನು ಹೆಚ್ಚು ಕೇಳಲು ಹೆಚ್ಚು ಖರ್ಚಾಗದ ಕಾರಣ, ಸ್ಯಾಂಪಲ್ ಆರಿಸುವ ಬದಲು ಆ ಎರಡು ವರ್ಷಗಳ ಎಲ್ಲರಿಗೂ ಲಿಂಕ್ ಕಳಿಸುವುದು ಒಳ್ಳೆಯದು. ವಿದ್ಯಾರ್ಥಿಗಳಿಗೆ ಪರಿಚಯವಿರುವ ಹೆಸರಿನಿಂದ ಆಹ್ವಾನ ಹೋಗಲಿ, ನಂತರ ಮೂರು ನಾಲ್ಕು ನೆನಪೋಲೆಗಳು, ಬೇರೆ ಬೇರೆ ವಾರದ ಬೇರೆ ಬೇರೆ ಹೊತ್ತಿನಲ್ಲಿ. ಪ್ರತಿ ಓಲೆ ಹೋದ ಮೊದಲ ಒಂದೆರಡು ದಿನ ಉತ್ತರಗಳು ಬರುತ್ತವೆ, ಆಮೇಲೆ ಬತ್ತುತ್ತವೆ. ಐದನೆಯ ನೆನಪೋಲೆಯಿಂದ ಉತ್ತರಕ್ಕಿಂತ ಬೈಗುಳವೇ ಹೆಚ್ಚು.

ಉತ್ತರಿಸದವರಿಗೆ ಮಾತ್ರ ನೆನಪೋಲೆ ಹೋಗಬೇಕಾದರೆ ಯಾರು ಉತ್ತರಿಸಿದ್ದಾರೆ ಎಂದು ವ್ಯವಸ್ಥೆಗೆ ಗೊತ್ತಿರಬೇಕು. ಅಂದರೆ ಪ್ರತಿಯೊಬ್ಬರಿಗೂ ಪ್ರತ್ಯೇಕ ಲಿಂಕ್. ಹೀಗಿದ್ದೂ 'ಇದು ಅನಾಮಧೇಯ ಸಮೀಕ್ಷೆ' ಎಂದು ಬರೆದರೆ ಅದು ಸುಳ್ಳು. ಇದು ಗೋಪ್ಯ ಸಮೀಕ್ಷೆ: ಯಾರ ಉತ್ತರ ಯಾವುದೆಂದು ತಿಳಿಯಲು ಸಾಧ್ಯವಿದೆ, ಆದರೆ ಹಾಗೆ ತಿಳಿಯುವ ಅಧಿಕಾರ ಒಬ್ಬಿಬ್ಬರಿಗೆ ಮಾತ್ರ, ವಿಭಾಗಕ್ಕೆ ಹೋಗುವುದು ಒಟ್ಟು ಅಂಕಿ. ಇದ್ದದ್ದನ್ನು ಇದ್ದಂತೆ ಹೇಳಿ. ಗುರುತಿನ ಸಂಖ್ಯೆಯನ್ನೂ ಉತ್ತರಗಳನ್ನೂ ಬೇರೆ ಬೇರೆ ಫೈಲಿನಲ್ಲಿಡಿ. 10ಕ್ಕಿಂತ ಕಡಿಮೆ ಜನರ ಗುಂಪಿನ ಫಲಿತಾಂಶವನ್ನು ಬಿಡಿಯಾಗಿ ತೋರಿಸಬೇಡಿ. ಒಬ್ಬಳೇ ಹುಡುಗಿ ಇರುವ ತರಗತಿಯಲ್ಲಿ 'ಮಹಿಳೆಯರ ಸರಾಸರಿ' ಎಂದರೆ ಆಕೆಯ ಹೆಸರು ಹೇಳಿದಂತೆಯೇ.

ತರಗತಿಯಲ್ಲೇ ಕಾಗದ ಹಂಚಿ ತುಂಬಿಸಿಕೊಂಡರೆ ಉತ್ತರಿಸಿದವರ ಪ್ರಮಾಣ ದಿಢೀರನೆ ಏರುತ್ತದೆ ನಿಜ. ಆದರೆ ಅಂದು ಬಾರದವರು, ಅಂದರೆ ತೊಡಗುವಿಕೆ ಕಡಿಮೆ ಇರಬಹುದಾದವರೇ ಲೆಕ್ಕದಿಂದ ಹೊರಗೆ ಉಳಿಯುತ್ತಾರೆ. ಅಧ್ಯಾಪಕರು ಎದುರಿಗೇ ನಿಂತಿದ್ದರೆ ಅವರ ಬಗೆಗಿನ ಉತ್ತರಗಳು ಹೇಗಿರುತ್ತವೆ ಎಂದು ಬೇರೆ ಹೇಳಬೇಕಾಗಿಲ್ಲ.

ಶೇ 30 ಜನ ಉತ್ತರಿಸಿದರೆ ಸಾಕೇ?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು, ಆದರೆ ಮೊದಲು ಕೇಳಬೇಕಾದದ್ದಲ್ಲ. 1,200 ವಿದ್ಯಾರ್ಥಿಗಳಲ್ಲಿ 400 ಜನ ಉತ್ತರಿಸಿದರು ಎನ್ನಿ. ಇವರು ಎಲ್ಲರನ್ನೂ ಪ್ರತಿನಿಧಿಸುತ್ತಾರೆ ಎಂದುಕೊಂಡರೆ, 'ಶೇ 50 ಜನ ಹೌದೆಂದರು' ಎಂಬ ಫಲಿತಾಂಶದ ಅಂಚು ಹೆಚ್ಚುಕಡಿಮೆ 4 ಅಂಶ: ಅಂದರೆ ನಿಜವಾದ ಪ್ರಮಾಣ ಬಹುಮಟ್ಟಿಗೆ 46ರಿಂದ 54ರ ನಡುವೆ. ಅದೇ 40 ಜನರ ವಿಭಾಗದಲ್ಲಿ 25 ಜನ ಉತ್ತರಿಸಿದರೆ ಪ್ರಮಾಣ ಶೇ 62ಕ್ಕೂ ಮೇಲಾಯಿತು, ಆದರೂ ಅಂಚು ಸುಮಾರು 12 ಅಂಶ. ಹೀಗಾಗಿ ಒಟ್ಟು ವಿಶ್ವವಿದ್ಯಾಲಯದ ಅಂಕಿ ಗಟ್ಟಿಯಾಗಿರುವಾಗಲೂ ಸಣ್ಣ ವಿಭಾಗದ ಅಂಕಿ ಅಲುಗಾಡುತ್ತಿರುತ್ತದೆ.

ಕೆವಿನ್ ಫೊಸ್‌ನಾಕ್ಟ್ ಮತ್ತು ಸಂಗಡಿಗರು ನೆಸ್ಸಿಯ ದತ್ತಾಂಶವನ್ನೇ ಬಳಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಹ್ವಾನ ಹೋದವರ ಸಂಖ್ಯೆ ಸಾಕಷ್ಟು ದೊಡ್ಡದಿದ್ದರೆ ಕಡಿಮೆ ಪ್ರಮಾಣದ ಉತ್ತರಗಳಿಂದಲೂ ನಂಬಬಹುದಾದ ಸರಾಸರಿ ಸಿಗುತ್ತದೆ ಎಂದು ಕಂಡುಕೊಂಡರು. ಆದ್ದರಿಂದ ಎಷ್ಟು ಜನ ಬಂದರು ಎಂಬುದಕ್ಕಿಂತ ಯಾರು ಬಾರಲಿಲ್ಲ ಎಂದು ನೋಡುವುದೇ ಮುಖ್ಯ. ಒಂದು ಲೆಕ್ಕ: ವಿಶ್ವವಿದ್ಯಾಲಯದಲ್ಲಿ ಶೇ 60 ಮಹಿಳೆಯರು, ಉತ್ತರಿಸಿದವರಲ್ಲಿ ಶೇ 75 ಮಹಿಳೆಯರು. ಮಹಿಳೆಯರ ಸರಾಸರಿ 42, ಪುರುಷರದು 34. ಹಾಗೇ ಕೂಡಿಸಿದರೆ ಒಟ್ಟು ಸರಾಸರಿ 40. ಪ್ರತಿ ಮಹಿಳೆಯ ಉತ್ತರಕ್ಕೆ 0.8 (60 ಭಾಗಿಸು 75), ಪ್ರತಿ ಪುರುಷನ ಉತ್ತರಕ್ಕೆ 1.6 (40 ಭಾಗಿಸು 25) ತೂಕ ಕೊಟ್ಟರೆ 38.8. ಇದನ್ನೇ ತೂಕ ಹಾಕುವುದು ಎನ್ನುತ್ತಾರೆ. ಆದರೆ ಅದರ ಮಿತಿಯೂ ತಿಳಿದಿರಲಿ: ಉತ್ತರಿಸಿದ ಪುರುಷರೇ ಉಳಿದ ಪುರುಷರಿಗಿಂತ ಹೆಚ್ಚು ಓದುವವರಾಗಿದ್ದರೆ ತೂಕದ ಕಲ್ಲು ಅದನ್ನು ಸರಿಪಡಿಸಲಾರದು.

ಬಂದ ಉತ್ತರಗಳಲ್ಲಿ ಕಸವೂ ಇರುತ್ತದೆ. 80 ಪ್ರಶ್ನೆಗಳನ್ನು 2 ನಿಮಿಷದಲ್ಲಿ ಮುಗಿಸಿದವರು ಪ್ರತಿ ಪ್ರಶ್ನೆಗೆ ಒಂದೂವರೆ ಸೆಕೆಂಡು ಕೊಟ್ಟಂತಾಯಿತು, ಓದಿಲ್ಲ. ಒಂದೇ ಕಂಬದಲ್ಲಿ ಮೇಲಿಂದ ಕೆಳಗೆ ಗೆರೆ ಎಳೆದಂತೆ ಗುರುತು ಹಾಕಿದವರೂ ಹಾಗೆಯೇ, ಆದರೆ ಅವರನ್ನು ತೆಗೆದುಹಾಕುವ ಮುನ್ನ ನಾಲ್ಕೇ ಪ್ರಶ್ನೆಗಳ ಗುಂಪಿನಲ್ಲಿ ಒಂದೇ ಉತ್ತರ ಸಹಜವಾಗಿಯೂ ಬರಬಹುದೆಂದು ನೆನಪಿಡಿ. ಕೈಬಿಡುವ ನಿಯಮವನ್ನು ದತ್ತಾಂಶ ನೋಡುವ ಮೊದಲೇ ಬರೆದಿಟ್ಟುಕೊಳ್ಳಬೇಕು.

ಅಂಕ ಕಟ್ಟುವುದು, ಓದುವುದು

ನೆಸ್ಸಿಯ ವಿಧಾನದಲ್ಲಿ ನಾಲ್ಕು ಆಯ್ಕೆಗಳಿಗೆ 0, 20, 40, 60 ಅಂಕ. ಒಂದು ಸೂಚಕದ 4 ಪ್ರಶ್ನೆಗಳಿಗೆ ವಿದ್ಯಾರ್ಥಿಯ ಉತ್ತರ 40, 20, 60, 40 ಆದರೆ ಸರಾಸರಿ 40. ಎಲ್ಲ ವಿದ್ಯಾರ್ಥಿಗಳ ಸರಾಸರಿಗಳ ಸರಾಸರಿಯೇ ಸಂಸ್ಥೆಯ ಅಂಕ. ಒಂದು ಸೂಚಕದ ಪ್ರಶ್ನೆಗಳು ಒಂದೇ ಗುಣವನ್ನು ಅಳೆಯುತ್ತಿವೆಯೇ ಎಂದು ನೋಡಲು ಕ್ರಾನ್‌ಬಾಕ್ ಆಲ್ಫಾ ಎಂಬ ಅಳತೆ ಬಳಸುತ್ತಾರೆ, 0.7 ದಾಟಿದರೆ ಸಾಕೆಂಬುದು ರೂಢಿ. ಒಂದೇ ಪ್ರಶ್ನೆಯನ್ನು ನಾಲ್ಕು ಬಗೆಯ ಮಾತಿನಲ್ಲಿ ಕೇಳಿದರೂ ಆಲ್ಫಾ 0.9 ದಾಟುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಸರಾಸರಿ 40 ಎಂದ ಕೂಡಲೇ ನಿಲ್ಲಬೇಡಿ. ಎಲ್ಲರೂ 40 ಇದ್ದರೂ ಸರಾಸರಿ 40, ಅರ್ಧ ಜನ 20 ಮತ್ತು ಅರ್ಧ ಜನ 60 ಇದ್ದರೂ 40. ಎರಡನೆಯದರಲ್ಲಿ ಒಂದೇ ಕಟ್ಟಡದೊಳಗೆ ಎರಡು ವಿಶ್ವವಿದ್ಯಾಲಯಗಳಿವೆ. ಇದು ಉತ್ಪ್ರೇಕ್ಷೆಯಲ್ಲ: ತೊಡಗುವಿಕೆಯ ಅಂಕಗಳಲ್ಲಿ ಕಾಣುವ ಏರುಪೇರಿನಲ್ಲಿ ಶೇ 90ಕ್ಕೂ ಹೆಚ್ಚು ಪಾಲು ಸಂಸ್ಥೆಗಳ ಒಳಗೆ, ವಿದ್ಯಾರ್ಥಿ ವಿದ್ಯಾರ್ಥಿಗಳ ನಡುವೆ ಇರುತ್ತದೆ. ಸಂಸ್ಥೆ ಸಂಸ್ಥೆಗಳ ನಡುವಿನದು ಉಳಿದ ಚೂರು ಮಾತ್ರ. ಆ ಚೂರನ್ನು ಹಿಡಿದು ರ್‍ಯಾಂಕ್ ಪಟ್ಟಿ ಮಾಡುವುದು ಸಮೀಕ್ಷೆಗೆ ಬಗೆಯುವ ಅನ್ಯಾಯ. ಹೆಸರು ಮತ್ತು ಪ್ರತಿಷ್ಠೆಯ ಮೇಲೆ ನಿಂತ ರ್‍ಯಾಂಕ್ ಪಟ್ಟಿಗಳಿಗೆ ಬದಲಿಯಾಗಿಯೇ ನೆಸ್ಸಿ ಹುಟ್ಟಿದ್ದು ಎಂಬುದು ಇಲ್ಲಿನ ವಿಪರ್ಯಾಸ.

'ವ್ಯತ್ಯಾಸ ಸಂಖ್ಯಾಶಾಸ್ತ್ರೀಯವಾಗಿ ಗಣನೀಯ', ಅಂದರೆ ಬರೀ ಆಕಸ್ಮಿಕವಾಗಿ ಬಂದದ್ದಲ್ಲ, ಎಂಬ ಮಾತೂ ಮೋಸ ಮಾಡುತ್ತದೆ. ತಲಾ 2,000 ಜನರ ಎರಡು ಗುಂಪುಗಳ ಸರಾಸರಿಯಲ್ಲಿ 1.2 ಅಂಕದ ಅಂತರವಿದ್ದು, ಅಂಕಗಳ ಮಾನಕ ವಿಚಲನೆ (ಅಂಕಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬ ಅಳತೆ) 13 ಆಗಿದ್ದರೆ, ಸಂಖ್ಯಾಶಾಸ್ತ್ರದ ಪರೀಕ್ಷೆಯಲ್ಲಿ ಅದು 'ಗಣನೀಯ' ಎಂದೇ ಬರುತ್ತದೆ. ಅಂತರವನ್ನು ವಿಚಲನೆಯಿಂದ ಭಾಗಿಸಿ ನೋಡಿ: 0.09. ನೆಸ್ಸಿಯ ಅಂಕಗಳಿಗೆ ಅದರ ಸಂಶೋಧಕರು ಸೂಚಿಸುವ ಮಾಪನದಲ್ಲಿ 0.1 ಸಣ್ಣದು, 0.3 ಮಧ್ಯಮ, 0.5 ದೊಡ್ಡದು. 0.09ಕ್ಕಾಗಿ ಸಮಿತಿ ರಚಿಸುವ ಅಗತ್ಯವಿಲ್ಲ. ಹಾಗೆಯೇ ವಿದ್ಯಾರ್ಥಿಗಳು ಓದಿನಲ್ಲಿ ಅಂಕಿಅಂಶ ಬಳಸುವುದನ್ನು ಅಳೆಯುವ ಸೂಚಕದಲ್ಲಿ ಸಾಹಿತ್ಯ ವಿಭಾಗ ಎಂಜಿನಿಯರಿಂಗ್‌ಗಿಂತ ಹಿಂದಿದೆ ಎಂದು ಬೆರಗಾಗಬೇಕಿಲ್ಲ. ಸಾಹಿತ್ಯ ವಿಭಾಗವನ್ನು ಬೇರೆಡೆಯ ಸಾಹಿತ್ಯ ವಿಭಾಗಕ್ಕೆ, ಅಥವಾ ಮೂರು ವರ್ಷ ಹಿಂದಿನ ತನಗೇ ಹೋಲಿಸಬೇಕು.

ಸಂಶೋಧನಾ ಯೋಜನೆಯಲ್ಲಿ ಭಾಗವಹಿಸಿದವರ ಅಂಕ ಹೆಚ್ಚಿದೆ ಎಂದರೆ ಯೋಜನೆಯೇ ಕಾರಣವೋ, ಮೊದಲೇ ಹುಮ್ಮಸ್ಸಿದ್ದವರು ಯೋಜನೆಗೆ ಸೇರಿದರೋ? ಒಂದೇ ಸಲದ ಸಮೀಕ್ಷೆ ಇದನ್ನು ಬಿಡಿಸಲಾರದು. ಅದಕ್ಕಾಗಿಯೇ ಪ್ರವೇಶದ ಹೊತ್ತಿಗೆ ವಿದ್ಯಾರ್ಥಿಗಳ ಹಿಂದಿನ ರೂಢಿ, ಮುಂದಿನ ನಿರೀಕ್ಷೆಗಳನ್ನು ಕೇಳುವ ಜೊತೆ ಸಮೀಕ್ಷೆಯೊಂದು ನೆಸ್ಸಿಗೆ ಇದೆ, ಅಧ್ಯಾಪಕರನ್ನು ಕೇಳುವ ಇನ್ನೊಂದೂ ಇದೆ. ಎರಡನೆಯದನ್ನು ಯಾವ ಸಂಸ್ಥೆಯಾದರೂ ಸ್ವಂತವಾಗಿ ಮಾಡಿಕೊಳ್ಳಬಹುದು. 'ನಿಮ್ಮ ವಿದ್ಯಾರ್ಥಿಗಳು ಕರಡು ತಿದ್ದುವುದು ಎಷ್ಟು ಮುಖ್ಯ?' ಎಂದು ಅಧ್ಯಾಪಕರನ್ನೂ 'ಎಷ್ಟು ಸಲ ತಿದ್ದಿದಿರಿ?' ಎಂದು ವಿದ್ಯಾರ್ಥಿಗಳನ್ನೂ ಕೇಳಿ, ಎರಡೂ ಉತ್ತರಗಳನ್ನು ಅಕ್ಕಪಕ್ಕ ಇಟ್ಟರೆ ವಿಭಾಗದ ಸಭೆಯಲ್ಲಿ ಮಾತು ತಾನಾಗಿ ಶುರುವಾಗುತ್ತದೆ. ಕಲಿಕಾ ತಂತ್ರಾಂಶದ ಲಾಗಿನ್ ಮತ್ತು ಕ್ಲಿಕ್‌ಗಳ ಲೆಕ್ಕ ಇದ್ದರೆ ಅದನ್ನೂ ಪಕ್ಕಕ್ಕಿಡಬಹುದು. ಆದರೆ ಕ್ಲಿಕ್ ಎಂದರೆ ಬಾಗಿಲು ತೆರೆದ ಸದ್ದು. ಒಳಗೆ ಹೋಗಿ ಏನು ಮಾಡಿದರೆಂದು ಅದು ಹೇಳುವುದಿಲ್ಲ.

ಸಮೀಕ್ಷೆಯನ್ನು ವರ್ಷ ವರ್ಷ ಮಾಡುವುದು ದುಂದು. ಪಠ್ಯಕ್ರಮ ಬದಲಿಸಿ, ಅದು ಒಂದು ಸುತ್ತು ನಡೆದು, ಪರಿಣಾಮ ಕಾಣಲು ಎರಡು ಮೂರು ವರ್ಷವಾದರೂ ಬೇಕು. ನಡುವಿನ ವರ್ಷಗಳಲ್ಲಿ ಕಳೆದ ಸಮೀಕ್ಷೆಯಿಂದ ಏನು ಬದಲಾಯಿತು ಎಂದು ವಿದ್ಯಾರ್ಥಿಗಳಿಗೆ ತಿಳಿಸುವ ಒಂದು ಪುಟ ಹೋಗಲಿ. ಮುಂದಿನ ಸಲ ಎಷ್ಟು ಜನ ಉತ್ತರಿಸುತ್ತಾರೆ ಎಂಬುದು ಬಹುಮಾನದ ಕೂಪನ್ನಿಗಿಂತ ಹೆಚ್ಚಾಗಿ ಆ ಪುಟವನ್ನು ಅವಲಂಬಿಸಿದೆ. ಅಂಕವನ್ನು ಅಧ್ಯಾಪಕರ ಬಡ್ತಿಗೋ ವಿಭಾಗದ ಅನುದಾನಕ್ಕೋ ಕಟ್ಟಿಹಾಕಿದರೆ ಎರಡನೆಯ ಸುತ್ತಿಗೇ ಅಂಕ ಏರುತ್ತದೆ, ತೊಡಗುವಿಕೆ ಇದ್ದಲ್ಲೇ ಇರುತ್ತದೆ.

ಪ್ರಶ್ನೆಗಳನ್ನು ಸುಧಾರಿಸುವ ಆಸೆಗೂ ಬೆಲೆ ಇದೆ. ನೆಸ್ಸಿ 2013ರವರೆಗೆ 5 ಮಾನದಂಡಗಳನ್ನು 100 ಅಂಕಕ್ಕೆ ಲೆಕ್ಕ ಹಾಕುತ್ತಿತ್ತು. ಪರಿಷ್ಕರಣೆಯ ನಂತರ 10 ಸೂಚಕ, 60 ಅಂಕ. ಪ್ರಶ್ನಾವಳಿ ಚೊಕ್ಕವಾಯಿತು, ಆದರೆ ಹಳೆಯ ಅಂಕಗಳನ್ನು ಹೊಸದರ ಜೊತೆ ನೇರವಾಗಿ ಹೋಲಿಸುವ ದಾರಿ ಮುಚ್ಚಿತು. ಒಂದು ಪದ ಬದಲಾದರೂ, ನಾಲ್ಕು ಆಯ್ಕೆ ಐದಾದರೂ, ಕಾಗದದಿಂದ ಮೊಬೈಲಿಗೆ ಬಂದರೂ ಅಂಕಿ ಕದಲುತ್ತದೆ. ಬದಲಿಸಲೇಬೇಕಾದಾಗ ಒಂದು ಸುತ್ತಿನಲ್ಲಿ ವಿದ್ಯಾರ್ಥಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಹಳೆಯ ಪ್ರಶ್ನೆ, ಇನ್ನೊಂದಕ್ಕೆ ಹೊಸದು ಕೊಡಿ. ಎರಡರ ಸರಾಸರಿಯ ನಡುವಿನ ಅಂತರವೇ ಪದ ಬದಲಾದದ್ದರ ಪಾಲು. ಅದನ್ನು ಬರೆದಿಟ್ಟುಕೊಂಡರೆ ಹಳೆಯ ವರ್ಷಗಳ ಅಂಕಿಗಳು ಕಪಾಟಿನ ಕಾಗದವಾಗದೆ ಬಳಕೆಯಲ್ಲಿ ಉಳಿಯುತ್ತವೆ.